ಹಿಡಿದಿಡುವ ಬಲದ ಕೈ ಗಿಡ್ಡ

ನೋಡಿ, ನೀವು ಕೂತ ಈ ಜಮಖಾನ, ಗುಡಿಯ ಈ ಕಂಬ, ನಿಮ್ಮ ಮೈ, ಎಲ್ಲವೂ ಪರಮಾಣುಗಳಿಂದ ಆದದ್ದು. ಒಂದೊಂದು ಪರಮಾಣುವಿನ ನಟ್ಟನಡುವಿನಲ್ಲೂ ಕಣ್ಣಿಗೆ ಕಾಣದಷ್ಟು ಚಿಕ್ಕದೊಂದು ಬೀಜ. ಅದರೊಳಗಿನ ಪ್ರೋಟಾನುಗಳು ಒಂದನ್ನೊಂದು ದೂಡುತ್ತಲೇ ಇರುತ್ತವೆ. ದೂಡುವುದೇ ಅವುಗಳ ಸ್ವಭಾವ. ಮತ್ತೆ ಯಾಕೆ ಸಿಡಿದು ಚೆದುರುವುದಿಲ್ಲ? ಅಲ್ಲಿ ಇನ್ನೊಂದು ಬಲವಿದೆ. ದೂಡುವ ಬಲಕ್ಕಿಂತ ನೂರು ಪಾಲು ಗಟ್ಟಿ. ಆದರೆ ಅದರ ಕೈ ಗಿಡ್ಡ. ಒಂದಕ್ಕೊಂದು ತಾಗುವಷ್ಟು ಹತ್ತಿರವಿದ್ದರೆ ಮಾತ್ರ ಹಿಡಿಯುತ್ತದೆ. ಕೊಂಚ ಸರಿದರೋ, ಹಿಡಿಯುವುದು ಇಲ್ಲ. ದೂಡುವುದು ಮಾತ್ರ ಉಳಿಯುತ್ತದೆ.

ಇದು ತಿಳಿಯದ ಒಬ್ಬ ಸಿರಿವಂತನಿದ್ದ. ಯಾವ ಊರೆಂದು ಕೇಳಬೇಡಿ, ನಿಮ್ಮೂರೇ ಅಂದುಕೊಳ್ಳಿ. ಅವನಿಗಿದ್ದದ್ದು ಒಂದೇ ಭಯ: ತನ್ನ ಮನೆ ಒಡೆಯಬಾರದು. ಇಬ್ಬರು ಸೊಸೆಯಂದಿರು ಒಂದೇ ಒರಳಿನಲ್ಲಿ ಭತ್ತ ಕುಟ್ಟುವರು. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಬೀಳಬೇಕು. ಕೈಗೆ ಒನಕೆ, ಬಾಯಿಗೆ ಜಗಳ. ದಿನವೂ ಇದೇ. ಸಿರಿವಂತ ರೋಸಿಹೋದ. ಕಲ್ಲುಕುಟಿಗನನ್ನು ಕರೆಸಿ ಹಿತ್ತಿಲ ಆ ತುದಿಯಲ್ಲಿ ಇನ್ನೊಂದು ಒರಳು ಹೂಳಿಸಿದ.

"ನೀನು ಇಲ್ಲಿ ಕುಟ್ಟು, ಅವಳು ಅಲ್ಲಿ ಕುಟ್ಟಲಿ. ನನ್ನ ಕಿವಿಗೆ ಸ್ವಲ್ಪ ಸುಖ ಕೊಡ್ರಮ್ಮ."

ಮನೆ ತಣ್ಣಗಾಯಿತು. ತನ್ನ ಬುದ್ಧಿಯೇ ಬುದ್ಧಿ ಎಂದು ಅವನು ಮೀಸೆ ತಿರುವಿದ. ಮೂರು ತಿಂಗಳಾದ ಮೇಲೆ ಹಿರಿಸೊಸೆ ಬಂದು ನಿಂತಳು.

"ಮಾವಯ್ಯ, ನಮಗೆ ಪಾಲು ಮಾಡಿಕೊಡಿ."

ಅವನು ಮೀಸೆಯಿಂದ ಕೈ ತೆಗೆದ. "ಯಾಕಮ್ಮ? ಏನಾಯ್ತು?"

"ನಾನು ಬಂಜೆ ಅಂತ ಅವಳು ನೀರಿನ ಕಟ್ಟೆಯಲ್ಲಿ ಆಡಿಕೊಂಡಳಂತೆ."

"ನಿನ್ನೆದುರೇ ಅಂದಳಾ?"

"ಅವಳ ಬಾಯಿಂದ ಒಂದು ಮಾತು ಕೇಳಿ ಮೂರು ತಿಂಗಳಾಯ್ತು ಮಾವಯ್ಯ."

ಸಿರಿವಂತನಿಗೆ ಆಗ ಹೊಳೆಯಿತು. ಮನೆ ಒಡೆಯಬಾರದೆಂದು ತಾನೇ ಮನೆಗೆ ಬೆಣೆ ಹೊಡೆದಿದ್ದ. ಉಪದೇಶ ಮಾಡಿದನೇ? ಇಲ್ಲ. ತಾನೇ ಗುದ್ದಲಿ ಹಿಡಿದು ಹೊಸ ಒರಳಿಗೆ ಮಣ್ಣು ತುಂಬಿದ.

"ಪಾಲಿನ ಮಾತು ಆಮೇಲೆ. ಮೊದಲು ಹಬ್ಬದ ಅಕ್ಕಿ ಆಗಲಿ."

ಮರುದಿನ ಒರಳು ಒಂದೇ, ಒನಕೆ ಎರಡು. ಮಾತಿಲ್ಲ. ಅರ್ಧ ಭತ್ತ ಮುಗಿದಾಗ ಕಿರಿಯವಳ ಒನಕೆ ನಿಂತಿತು.

"ಅಕ್ಕ, ಅಂಗೈ ತೋರ್ಸು."

"ಯಾಕೆ, ನನ್ನ ಹಣೆಬರಹ ಅಲ್ಲೂ ಓದ್ತೀಯಾ?"

"ಬೊಬ್ಬೆ ಎದ್ದು ಒಡೆದಿದೆ. ಕೂತ್ಕೋ, ನಾನೊಬ್ಳೇ ಕುಟ್ತೀನಿ."

"ನೀನೊಬ್ಳೇ ಕುಟ್ಟಿದ್ರೆ ಹಬ್ಬಕ್ಕೆ ನುಚ್ಚೇ ಗತಿ!" ಎಂದವಳು ತಡೆದು ಕೇಳಿದಳು: "ನೀನು ನನ್ನ ಬಂಜೆ ಅಂದ್ಯೇನೇ?"

"ಯಾವ ಬಾಯಲ್ಲಿ ಅನ್ಲಿ ಅಕ್ಕ? ನನ್ನ ಎರಡು ಕೂಸೂ ನಿನ್ನ ಮಗ್ಗುಲಲ್ಲೇ ಅಲ್ವಾ ಮಲಗೋದು?"

ಹಿರಿಯವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. ಪಾಲಿನ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಜಗಳವೇನೋ ಬಂತು, ದಿನಾ ಬಂತು.

ಈಗ ನಿಮ್ಮನ್ನೇ ಕೇಳುತ್ತೇನೆ. ಶಾಂತಿ ಬೇಕೆಂದು ಯಾರಿಂದ ದೂರ ಸರಿದಿದ್ದೀರಿ? ನೆನಪಿಡಿ, ದ್ವೇಷ ಎಷ್ಟು ದೂರಕ್ಕೂ ಮುಟ್ಟುತ್ತದೆ. ಪ್ರೀತಿ ಕೈಯಳತೆ ದಾಟುವುದಿಲ್ಲ. ಫೋನಿನಲ್ಲಿ ಜಗಳ ಆಡಬಹುದು; ರಾಜಿಯಾಗಲು ಪಕ್ಕದಲ್ಲೇ ಕೂರಬೇಕು. ನಾಳೆಯಿಂದ ಒಂದು ಹೊತ್ತಿನ ಊಟವನ್ನಾದರೂ ಅವರ ಜೊತೆ ಮಾಡಿ. ನಾಳೆಯವರೆಗೂ ಯಾಕೆ? ಮಾತು ಬಿಟ್ಟ ಇಬ್ಬರು ಇಲ್ಲೇ ಇದ್ದೀರಿ, ಆ ಕಂಬದ ಬಳಿ ಒಬ್ಬರು, ಈ ಕಂಬದ ಬಳಿ ಒಬ್ಬರು ಕೂತಿದ್ದೀರಿ. ಹೆಸರು ಹೇಳುವುದಿಲ್ಲ. ಆರತಿ ಆಗುವ ಮೊದಲು ಒಬ್ಬರು ಏಳಿ. ಯಾರು ಮೊದಲು ಎನ್ನುವುದನ್ನು ದೇವರು ನೋಡುತ್ತಿದ್ದಾನೆ.