ಕಂಕುಳಲ್ಲಿ ಈಳಿಗೆಮಣೆ

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಅವನ ಮನೆಯಲ್ಲಿ ಯಾವ ಕಾರ್ಯವಾದರೂ ತರಕಾರಿ ಹೆಚ್ಚುವುದಕ್ಕೆ ಸಲೋಮಮ್ಮ ಬರಬೇಕು. ಮೂವತ್ತು ವರ್ಷ ಹೆಚ್ಚಿದ್ದಾಳೆ, ನೋಡಿ. ಹಿತ್ತಲಲ್ಲಿ ಕೂತು ಹೆಚ್ಚುವುದು, ಕೊನೆಯ ಪಂಕ್ತಿಯಲ್ಲಿ ಉಣ್ಣುವುದು, ತನ್ನ ಎಲೆ ತಾನೇ ಎತ್ತುವುದು. ನೆಂಟರ ಎಲೆಯನ್ನು ಮನೆಯವರು ಎತ್ತುತ್ತಾರೆ, ಕೆಲಸದವರ ಎಲೆಯನ್ನು ಕೆಲಸದವರೇ ಎತ್ತಬೇಕು. ಪದ್ಧತಿ ಗೊತ್ತಲ್ಲ ನಿಮಗೆ?

ಒಂದು ದಿನ ಶ್ರೀಮಂತನೇ ಅವಳ ಬಾಗಿಲಿಗೆ ಬಂದ. "ಮಗಳ ಮದುವೆ ಕಣವ್ವಾ. ನೀನು ಬರಲೇಬೇಕು" ಎಂದ.

ಸಲೋಮಮ್ಮನಿಗೆ ಕೇಳಿಸಿದ್ದೇನು? 'ಬಾ' ಅಂದರೆ ಕೆಲಸಕ್ಕೆ ಬಾ ಎಂದು! ಮದುವೆಯ ದಿನ ಈಳಿಗೆಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು ಹಿತ್ತಲ ಬಾಗಿಲಿಂದ ಒಳಗೆ ಹೋದಳು. ಅತ್ತ ಅವಳ ದಾರಿ ನೋಡುತ್ತಾ ಮುಂಬಾಗಿಲಲ್ಲಿ ನಿಂತ ಶ್ರೀಮಂತ ನಿಂತೇ ಇದ್ದ.

ಮೊದಲ ಪಂಕ್ತಿಗೆ ಎಲೆ ಹಾಕಿದರು. ಒಂದು ಎಲೆಯ ಮುಂದೆ ಯಾರೂ ಇಲ್ಲ. ಶ್ರೀಮಂತ ಹುಡುಕಿಕೊಂಡು ಹಿತ್ತಲಿಗೆ ಬಂದರೆ, ಈಯಮ್ಮ ಕುಂಬಳಕಾಯಿ ಹೆಚ್ಚುತ್ತಿದ್ದಾಳೆ.

"ಏಳವ್ವಾ, ಎಲೆ ಹಾಕವ್ರೆ."

"ಇನ್ನೆರಡು ಕಾಯಿ ಅವೆ ಬುದ್ಧಿ. ಮುಗಿಸ್ಬುಟ್ಟು ಕೊನೇ ಪಂಕ್ತೀಲಿ ಕೂತ್ಕತೀನಿ."

"ನಾನು ಕರೆದದ್ದು ಊಟಕ್ಕೆ ಕಣವ್ವಾ, ಕೆಲಸಕ್ಕಲ್ಲ."

"ಏನೂ ಕೆಲ್ಸ ಮಾಡ್ದೆ ಹೆಂಗುಣ್ಣಲಿ ಬುದ್ಧಿ?"

"ಹಸಿವಾಗಿದ್ರೆ ಉಣ್ಣು. ಅಷ್ಟೇ ಸಾಕು."

ಸಲೋಮಮ್ಮನಿಗೆ ಭಯವೇ ಆಯಿತು. ಹೆಚ್ಚುವುದನ್ನು ಬಿಟ್ಟರೆ ಈ ಮನೆಯಲ್ಲಿ ತಾನು ಯಾರು? ಶ್ರೀಮಂತ ಈಳಿಗೆಮಣೆ ಕಿತ್ತುಕೊಂಡು ಅಟ್ಟಕ್ಕೆ ಹಾಕಿದ, ಕೈಹಿಡಿದು ಕರೆದೊಯ್ದು ಮೊದಲ ಪಂಕ್ತಿಯಲ್ಲಿ ಕೂರಿಸಿದ. ಅವಳು ಅಳುತ್ತಲೇ ಉಂಡಳು. ಉಂಡು, ರೂಢಿಯಂತೆ ತನ್ನ ಎಲೆ ಮಡಿಸಲು ಬಗ್ಗಿದಳು. ಅಷ್ಟರಲ್ಲಿ ಬೇರೆ ಎರಡು ಕೈ ಆ ಎಲೆ ಮಡಿಸಿದವು. ತಲೆ ಎತ್ತಿ ನೋಡುತ್ತಾಳೆ, ಮನೆಯ ಯಜಮಾನ! ರೇಷ್ಮೆ ಪಂಚೆ ಉಟ್ಟವನು ಅವಳ ಎಂಜಲೆಲೆಯನ್ನು ಎತ್ತಿಕೊಂಡು ಹೊರಟಿದ್ದಾನೆ.

ನಮ್ಮ ಎಂಜಲೆಲೆ ಎತ್ತಿದ ಯಜಮಾನ ಯಾರು, ಹೇಳಿ? ಶಿಲುಬೆಯವರೆಗೆ ಬಗ್ಗಿದವನು ಯಾರು? ಯೇಸುಸ್ವಾಮಿ! ಆತ ಮುಂಬಾಗಿಲಲ್ಲಿ ನಿಂತಿದ್ದಾನೆ, ನಾವು ಹಿತ್ತಲಲ್ಲಿ ಹೆಚ್ಚುತ್ತಾ ಕೂತಿದ್ದೇವೆ. ನಿಮ್ಮ ಕಂಕುಳಲ್ಲಿರುವ ಈಳಿಗೆಮಣೆ ಯಾವುದು? ಉಪವಾಸವೇ? ಗಾಯನ ತಂಡವೇ? ನನ್ನದು, ಇಪ್ಪತ್ತು ವರ್ಷದಿಂದ ಮಾಡುತ್ತಿರುವ ಈ ಬೋಧನೆಯೇ?

ಹಾಗಾದರೆ ಸೇವೆ ಬೇಡವೇ ಅಯ್ಯನವರೇ ಎನ್ನುತ್ತೀರಿ. ಬೇಕು! ಉಂಡ ಸಂತೋಷಕ್ಕೆ ಮಾಡಿ, ಊಟ ಸಿಗಲೆಂದು ಮಾಡಬೇಡಿ. ನಾಳೆ ಬೆಳಿಗ್ಗೆ ಮೊಣಕಾಲೂರಿದಾಗ 'ಅದು ಮಾಡಿದೆ, ಇದು ಮಾಡಿದೆ' ಎಂದು ಶುರು ಮಾಡಬೇಡಿ. 'ಹಸಿವಾಗಿದೆ ತಂದೆಯೇ' ಎನ್ನಿ. ಆಮೇಲೆ ಎದ್ದು ಹೋಗಿ, ನಿಮ್ಮ ಮನೆಯಲ್ಲಿ ಇಷ್ಟು ದಿನ ತಮ್ಮ ಎಲೆ ತಾವೇ ಎತ್ತುತ್ತಿರುವವರು ಯಾರಿದ್ದಾರೋ, ಅವರ ಎಲೆಯನ್ನು ನೀವು ಎತ್ತಿ.