ಗದ್ದ ಎತ್ತಿ ಹಾಡು

ಮಗಳ ಕಿವಿನೋವಿಗೆಂದು ತುಮಕೂರಿನ ಕಿವಿ, ಮೂಗು, ಗಂಟಲಿನ ಡಾಕ್ಟರ ಬಳಿ ಬಂದಿದ್ದ ಫಾಯಿಜಾ, ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಸರದಿ ಕಾಯುತ್ತಿದ್ದಳು. ಒಳಗಿನಿಂದ ಬಂದ ಗುಬ್ಬಿಯ ನಾಟಕದ ಮೇಷ್ಟ್ರು ಕೆಂಪಯ್ಯ, ಅವರ ಶಿಷ್ಯೆ ಶೃತಿ ಪಕ್ಕದಲ್ಲೇ ಕೂತರು. ಶೃತಿಯ ದನಿ ಒಡೆದುಹೋಗಿತ್ತು.

“ಗದ್ದ ಎತ್ತಿ ಕಿರುಚಿ ಹಾಡಿದ್ರೆ ಧ್ವನಿಪೆಟ್ಟಿಗೆ ಮೇಲಕ್ಕೆ ಎಳ್ಕೊಳ್ತದಂತೆ ಮೇಷ್ಟ್ರೇ. ಅದಕ್ಕೇ ಒಳಗೆ ಗಂಟಾಗಿರೋದು.”

“ಮೂವತ್ತು ವರ್ಷದಿಂದ ಹಂಗೇ ಹೇಳ್ಕೊಟ್ಟಿದೀನಿ ಕಣವ್ವ. ಕೊನೇ ಬೆಂಚಿನೋನ್ಗೂ ಕೇಳ್ಬೇಕಲ್ಲ.”

“ಈಗ ಕಾಲರ್ ಮೈಕ್ ಇದೆಯಲ್ಲ.”

“ಮೈಕ್ ನಂಬ್ಕೊಂಡು ಹಾಡೋರೂ ಹಾಡುಗಾರ್ರಾ?”

“ಹಂಗಂದೇ ಪ್ರಾಕ್ಟೀಸಲ್ಲಿ ನನ್ನ ಮೈಕ್ ಕಿತ್ತಾಕಿದ್ರಿ.”

ಮೇಷ್ಟ್ರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ಕುಣಿಗಲ್ ನಾಟಕಕ್ಕೆ ಇನ್ನೂ ಎಂಟು ದಿನ ಇದೆ. ಶುಂಠಿ ಕಷಾಯ ಕುಡಿ, ಸರಿಹೋಗ್ತದೆ.”

“ಮೂರು ತಿಂಗಳು ಹಾಡಂಗಿಲ್ಲ ಅಂದ್ರು. ನೀವೂ ಅಲ್ಲೇ ಇದ್ರಲ್ಲ.”

“ಹಂಗಾದ್ರೆ ನಿನ್ನ ಪಾರ್ಟು ನಿನ್ನ ತಂಗಿ ಮಾಡ್ಲಿ. ಅವಳ ಗಂಟಲು ಚೆನ್ನಾಗದೆ.”

“ಅವಳ್ಗಾದ್ರೂ ಗದ್ದ ಎತ್ತಿಸ್ಬೇಡಿ ಮೇಷ್ಟ್ರೇ.”

“ಎತ್ತಿಸ್ದೆ ಇನ್ನೆಂಗೆ ಹೇಳ್ಕೊಡ್ಲಿ? ನಂಗೆ ಬರೋದು ಅದೊಂದೇ ಕಣವ್ವ.”

“ಹಂಗಾದ್ರೆ ಅವಳನ್ನ ನಿಮ್ಮತ್ರ ಕಳ್ಸಲ್ಲ.”

ಶೃತಿ ಎದ್ದು ಮೆಟ್ಟಿಲಿಳಿದಳು. ಅವಳು ಕುರ್ಚಿಯ ಮೇಲೆ ಬಿಟ್ಟಿದ್ದ ಔಷಧಿ ಚೀಟಿಯನ್ನು ಮಡಿಸಿಕೊಂಡು ಮೇಷ್ಟ್ರು ಹಿಂದೆಯೇ ಹೋದರು.