ನಾ ಬೆಂಚಿನ ಮ್ಯಾಲ ಕೂಡೋದು ಕಲತದ್ದು

ಅಲ್ಲವಾ ಇಶಾ, ಮೊಣಕಾಲು ಮುರೀಲಿಲ್ಲ, ಒಳಗಿನ ನರ ಹರೀತು. ಮುರದಿದ್ರ ಕೂಡ್ತಿತ್ತು. ಹರದದ್ದು ಮೊದಲಿನಂಗ ಆಗ್ಲೇ ಇಲ್ಲ. ಹದಿನೈದು ವರ್ಷ ನಾ ಬರ್ಫದ ಮ್ಯಾಲಿನ ಹಾಕಿ ಆಟ, ಐಸ್ ಹಾಕಿ, ಆಡಿ ಪಗಾರ ತಗೊಂಡಾವ, ಗೊತ್ತದ ಏನು ನಿನಗ? ನಮ್ಮಪ್ಪ ಧಾರವಾಡದಿಂದ ನಮ್ಮನ್ನ ಇಲ್ಲಿ ವಿಲಾಯತಿಗೆ, ಇಲ್ಫರ್ಡಿಗೆ ಕರಕೊಂಡು ಬಂದಾಗ ನನಗ ಏಳು ವರ್ಷ. ಏಳೋ ಎಂಟೋ... ಇರ್ಲಿ, ಏಳು. ನಮ್ಮವ್ವಗ ಮಾತ್ರ ಈ ಆಟ ಕಡೀತನಕಾ ತಿಳೀಲಿಲ್ಲ. "ಬರ್ಫದ ಮ್ಯಾಲ ಜಾರಿದ್ರ ರೊಕ್ಕ ಕೊಡ್ತಾರೇನೋ? ಹಂಗಾರ ಬೀಳದಿದ್ರ ಹೆಚ್ಚು ಕೊಡ್ತಾರೇನು?" ಅಂತ ಕೇಳ್ತಿದ್ಲು, ಪಾಪ.

ಮೂವತ್ತಾರಕ್ಕ ಕಾಲು ಹೋತು. ಡಾಕ್ಟರು, "ಎಲ್ಲೋ ಒಮ್ಮೆ ಐದು ನಿಮಿಷ ಆಡು, ಅದಕ್ಕಿಂತ ಹೆಚ್ಚು ಆಡಿದ್ರ ಮುಂದ ಕೋಲು ಹಿಡಕೊಂಡು ನಡೀಬೇಕಾಗ್ತದ" ಅಂದ್ರು. ಕ್ಲಬ್ಬಿನವರು, "ಇನ್ನ ನೀ ಕೋಚ್ ಆಗು" ಅಂದ್ರು. ಎಷ್ಟು ಸಿಟ್ಟು ಬಂತಂದ್ರ! ಕಡೀಗೆ ಕೋಚ್ ಆಗಲಿಕ್ಕೆ ಹೂಂ ಅಂದೆ, ಆದ್ರ ಆಟಗಾರರ ಪಟ್ಟಿಯೊಳಗೂ ನನ್ನ ಹೆಸರು ಇರ್ಲಿ ಅಂತ ಹಟಾ ಹಿಡದೆ, ಇಟ್ರು. ಬೆಂಚಿನ ಹಿಂದ ನಿಂತು ಒದರಾಡ್ತಿದ್ದೆ. ಸಿಟ್ಟು ಬಂದ್ರ ಬಾಯಾಗ ಇಂಗ್ಲಿಷು ಬರ್ತಿರಲಿಲ್ಲ ನೋಡು, "ಎಡಕ! ಎಡಕ ಹೋಗೋ! ಹಿಂದ ನೋಡೋ!" ಅಂತಿದ್ದೆ. ನಮ್ಮ ಟೀಮಿನ ಬಿಳಿ ಹುಡುಗರು ಅದನ್ನೂ ಕಲತಬಿಟ್ರು. ಎದುರಿನವರಿಗೆ ಒಂದಕ್ಷರ ತಿಳೀತಿರಲಿಲ್ಲ, ಅದೂ ಒಂದು ಲಾಭನ ಆತು.

ನಮ್ಮೊಳಗ ಟೆರಿ ಅಂತ ಒಬ್ಬ ಇದ್ದ. ಸ್ಟ್ರಾಟ್‌ಫರ್ಡ್ ಕಡೆ ಬಸ್ ಓಡಸಾವ. ಪ್ರಾಕ್ಟೀಸ್ ಒಂದೂ ತಪ್ಪಸ್ತಿರಲಿಲ್ಲ, ಆದ್ರ ಐಸಿನ ಮ್ಯಾಲ ಎಮ್ಮಿ ಬಿಟ್ಟಂಗ! ವರ್ಷಪೂರ್ತಿ ಅವನ್ನ ನಾ ಒಂದು ಮ್ಯಾಚೂ ಆಡಸಿರಲಿಲ್ಲ.

ಸೀಸನ್ನಿನ ಕಡೀ ಮ್ಯಾಚು. ಸೋತ್ರ ನಮ್ಮ ಟೀಮು ಕೆಳಗಿನ ಡಿವಿಷನ್ನಿಗೆ ಇಳೀತಿತ್ತು. ಅರ್ಧ ಟೀಮು ಫ್ಲೂ ಬಂದು ಮಲಗಿತ್ತು. ಹೆಂಗೋ ಒಂದು ಗೋಲ್ ಮುಂದಿದ್ವಿ. ಇನ್ನ ನಾಕು ನಿಮಿಷ ಅದಾವ ಅನ್ನೂದ್ರಾಗ ನಮ್ಮ ಡಿಫೆಂಡರ್ ಒಬ್ಬನ ಕಾಲು ಉಳುಕ್ತು. ಎಲ್ಲಾರೂ ನನ್ನ ಮಾರಿ ನೋಡ್ಲಿಕ್ಕತ್ರು. ಮ್ಯಾನೇಜರು, "ಯೂ, ಯೂ, ಗೆಟ್ ಆನ್!" ಅಂದ. ನಾ ಅದಕ್ಕನ ಕಾಯಕೊಂತ ಕುಂತಿದ್ದೆಲ್ಲಾ! ಲೇಸ್ ಬಿಗದೆ, ಹೆಲ್ಮೆಟ್ ಹಾಕ್ಕೊಂಡೆ, ಒಂದು ಕಾಲು ಐಸಿನ ಮ್ಯಾಲ ಇಟ್ಟೂಬಿಟ್ಟೆ. ತಿರುಗಿ ನೋಡಿದ್ರ ಟೆರಿನೂ ಹೆಲ್ಮೆಟ್ ಹಾಕ್ಕೊಂಡು ಎದ್ದು ನಿಂತಾನ. ನನ್ನ ನೋಡಿ ತಿರುಗಿ ಕುಂತ. "ಇಟ್ಸ್ ಆಲ್‌ರೈಟ್, ಕೋಚ್. ಯೂ ಗೋ" ಅಂದು ಹೆಲ್ಮೆಟ್ ತಗದು ತೊಡಿ ಮ್ಯಾಲ ಇಟ್ಕೊಂಡ.

ನನಗ ಏನಾತೋ ಏನೋ. ನಾ ಹೊಂಟದ್ದು ಟೀಮಿಗಾಗಿ ಅಲ್ಲ, ನನ್ನ ಚಟಕ್ಕ, ಅಷ್ಟ. ಕಾಲು ಹಿಂದಕ್ಕ ತಗದೆ. "ಟೆರಿ, ನೀ ಹೋಗು." "ಮೀ?" "ಹೂಂ, ನೀನ. ಎಡಕ ನಿಂದ್ರು!" ಮ್ಯಾನೇಜರು ತಲಿ ಹಿಡಕೊಂಡ.

ಟೆರಿ ಹೋದ, ಎಡಕ್ಕ ನಿಂತ. ಮೂರು ನಿಮಿಷ ಹೆಂಗೋ ಕಳೀತು. ಕಡೀಗೆ ಎದುರಿನವ ಜೋರಾಗಿ ಹೊಡದ ನೋಡು, ಆ ಕರೀ ರಬ್ಬರಿನ ಬಿಲ್ಲಿ, ಪಕ್ಕು, ಸೀದಾ ಗೋಲಿಗೇ ಹೊಂಟಿತ್ತು. ಟೆರಿ ತಿರಗಲಿಕ್ಕೆ ಹೋಗಿ ಜಾರಿ ಬಿದ್ದ. ಠಪ್! ಪಕ್ಕು ಅವನ ಕುಂಡಿಗೆ ಬಡದು ಹೊರಗ ಹಾರಿತು! ಹಾರ್ನ್ ಊದಿತು. ಗೆದ್ವಿ! ಹುಡುಗರು ಅವನ್ನ ಎತ್ತಿ ಕುಣದಾಡಿದ್ರು. ಒಂದು ವಾರ ದಿಂಬು ಹಾಕ್ಕೊಂಡು ಬಸ್ ಓಡಸಿದ, ಗೊತ್ತದ ಏನು!

"ಡಿಡ್ ಯೂ ಕ್ರೈ, ಅಜ್ಜಾ?"

ನಾನ? ಛೇ, ಇಲ್ಲವಾ. ಅಂದ್ರ... ಅತ್ತೆ, ಸ್ವಲ್ಪ. ಟೆರಿಗಷ್ಟು, ನನಗಷ್ಟು. ಆವತ್ತು ಐಸಿನ ಅಂಗಳದಿಂದ ಹೊರಗ ಬರೂಮುಂದ ಖರೇ ಕೋಚ್ ಆಗಿ ಬಂದೆ ನೋಡು, ಮುಂದ ಇಪ್ಪತ್ತು ವರ್ಷ ಅದನ್ನ ಮಾಡಿದೆ. ತಾ ಉಂಡ್ರ ಹೊಟ್ಟಿ ತುಂಬೋದು ಎಲ್ಲಾರಿಗೂ ಗೊತ್ತದವಾ. ಬಡಿಸಿ ತುಂಬಿಸ್ಕೊಳ್ಳೋದನ್ನ ಕಲೀಬೇಕು.